ಹೆಜ್ಜೆ ತಾಳಕ್ಕೆ ಬೀಳದಿದ್ದಾಗ

ಮನೆಮಂದಿಗೆಂದು ಟೀವಿಗೊಂದು ಕಂಪ್ಯೂಟರ್ ಜೋಡಿಸಬೇಕು ಎಂದು ಯಾರಾದರೂ ಸಲಹೆ ಕೇಳಿದರೆ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ನಾನು ಕೇಳುವುದಿಲ್ಲ. ಗುಡುಗು ಬಂದಾಗ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ, ರಿಮೋಟ್ ಯಾರ ಕೈಯಲ್ಲಿರುತ್ತದೆ, ನೀವು ಊರಲ್ಲಿಲ್ಲದ ದಿನ ಅದು ಕೆಟ್ಟರೆ ಯಾರು ನೋಡುತ್ತಾರೆ ಎಂದು ಕೇಳುತ್ತೇನೆ. ಈ ಮೂರನ್ನೂ ನಾನು ನನಗೇ ಕೇಳಿಕೊಳ್ಳದೆ ಒಂದು ಯಂತ್ರ ಕಟ್ಟಿದ್ದೆ. ಅದರಿಂದ ನಮ್ಮ ಮನೆ ಕಳೆದುಕೊಂಡದ್ದರಲ್ಲಿ ಒಂದು ಪಾಲು ಎಷ್ಟು ದುಡ್ಡು ಕೊಟ್ಟರೂ ವಾಪಸು ಬರುವಂಥದ್ದಲ್ಲ.

ನಮ್ಮದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ಅಪ್ಪಯ್ಯ ಮೇಷ್ಟ್ರ ಕೆಲಸದಿಂದ ನಿವೃತ್ತರಾದವರು. ಅಡಿಕೆ ತೋಟ ಒಂದು ಕಡೆ, ಯಕ್ಷಗಾನದ ತಾಳಮದ್ದಲೆ ಇನ್ನೊಂದು ಕಡೆ, ಇವೆರಡರ ನಡುವೆ ಅವರ ಬದುಕು ನಡೆದಿದೆ. ಮೈಕ್ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ರಾತ್ರಿಯಿಡೀ ಅರ್ಥಗಾರಿಕೆ ಧ್ವನಿಮುದ್ರಿಸಿಕೊಳ್ಳುವುದು ಅವರ ವಯಸ್ಸಿನವರಲ್ಲಿ ಬಹಳ ಮಂದಿಗೆ ಇದ್ದ ಅಭ್ಯಾಸ. ಹಾಗೆ ತುಂಬಿದ ಒಂದು ಟ್ರಂಕು ನಮ್ಮಲ್ಲಿತ್ತು. ಅದರಲ್ಲಿ ಅಂಗಡಿಯಿಂದ ತಂದ ಕ್ಯಾಸೆಟ್ಟುಗಳೂ ಇದ್ದವು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಪದಗಳನ್ನು ಆ ಕಾಲದಲ್ಲಿ ಕೊಳ್ಳದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. ಉಳಿದವೆಲ್ಲ ಮನೆಯವೇ. ಊರ ದೇವಸ್ಥಾನದ ಕೂಟಗಳು, ನೆಂಟರ ಮನೆಯ ಸತ್ಯನಾರಾಯಣ ಪೂಜೆಯ ರಾತ್ರಿಗಳು, ಅಣ್ಣನ ಉಪನಯನದ ವಿಎಚ್‌ಎಸ್, ದಾಯಾದಿಯೊಬ್ಬರು ಹೆಗಲ ಮೇಲೆ ಕ್ಯಾಮೆರಾ ಹೊತ್ತು ತೆಗೆದ ಬಡಗುತಿಟ್ಟಿನ ಯಕ್ಷಗಾನದ ಆಟಗಳು. ಒಂದರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಇತ್ತು. ಇನ್ನೊಂದು ಕ್ಯಾಸೆಟ್ಟಿನಲ್ಲಿ ಅಪ್ಪಯ್ಯನೇ ಭೀಷ್ಮನಾಗಿ ಅರ್ಥ ಹೇಳಿದ್ದರು.

ಇದನ್ನೆಲ್ಲ ಡಿಜಿಟಲ್ ಮಾಡಿ ಟೀವಿಯಲ್ಲಿ ಕಾಣುವಂತೆ ಮಾಡುತ್ತೇನೆಂದು ನಾನು ಮಾತು ಕೊಟ್ಟೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಮಗನಿಂದ ಅವರು ಕೇಳಿದ ದೊಡ್ಡ ಉಪಕಾರ ಅದೊಂದೇ ಇರಬೇಕು.

2014ರಲ್ಲಿ ನಾನು ಕಟ್ಟಿದ ಯಂತ್ರ ಬಲವಾದದ್ದೇ. ದೊಡ್ಡ ಕ್ಯಾಬಿನೆಟ್, ಗ್ರಾಫಿಕ್ಸ್ ಕಾರ್ಡ್, ಒಂದರ ಪಡಿಯಚ್ಚಾಗಿ ಇನ್ನೊಂದು ನಿಲ್ಲುವಂತೆ ಜೋಡಿಸಿದ ಎರಡು ಹಾರ್ಡ್‌ಡಿಸ್ಕ್, ವಿಂಡೋಸ್ 7. ಆಗ ವಿಂಡೋಸಿನೊಳಗೇ ಮೀಡಿಯಾ ಸೆಂಟರ್ ಎಂಬ ಅಚ್ಚುಕಟ್ಟಾದ ತಂತ್ರಾಂಶ ಇರುತ್ತಿತ್ತು. ಸೋಫಾದ ಮೇಲೆ ಕೂತು ದೂರದಿಂದ ಓದಬಹುದಾದಷ್ಟು ದೊಡ್ಡ ಅಕ್ಷರ, ಬಾಣದ ಗುರುತಿನ ಗುಂಡಿಗಳಲ್ಲೇ ನಡೆಯುವ ಮೆನು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನು ಕೈಬಿಟ್ಟರು. ನಾನು ಹೊಸ ವಿಂಡೋಸಿಗೆ ಏರಿಸಿ ಅದರ ಮೇಲೆ ಕೋಡಿ ಹಾಕಿದೆ. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರದಲ್ಲಿ ಸಿನಿಮಾ ನೋಡಲೆಂದು ಹವ್ಯಾಸಿಗಳು ಶುರುಮಾಡಿದ ತಂತ್ರಾಂಶ ಅದು. ಮೊದಲು ಎಕ್ಸ್‌ಬಿಎಂಸಿ ಎಂದಿದ್ದ ಹೆಸರು 2014ರಲ್ಲಿ ಕೋಡಿ ಆಯಿತು. ಇಂದಿಗೂ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ತಪ್ಪು ನಡೆದದ್ದು ತಂತ್ರಾಂಶದ ಆಯ್ಕೆಯಲ್ಲಿ ಅಲ್ಲ.

ಯಂತ್ರಕ್ಕೆ ಇನ್ನೂ ತಾಕತ್ತು ಉಳಿದಿದೆಯಲ್ಲ ಎಂದು ಅದಕ್ಕೆ ಕೆಲಸ ಹೊರಿಸುತ್ತಾ ಹೋದೆ. ಅಂಗಳದಲ್ಲಿ ಒಣಹಾಕಿದ ಅಡಿಕೆ ಕಾಯಲು ಹಾಕಿಸಿದ ಕ್ಯಾಮೆರಾಗಳ ಚಿತ್ರ ಹಗಲೂ ರಾತ್ರಿ ಅದರಲ್ಲೇ ಉಳಿಯಬೇಕು. ಎಲ್ಲರ ಮೊಬೈಲ್ ಫೋಟೋ ಅದಕ್ಕೇ ಬಂದು ಸೇರಬೇಕು. ನಾನು ಬೆಂಗಳೂರಿನಿಂದ ಅದರೊಳಕ್ಕೆ ಹೊಕ್ಕು ಫೈಲು ತೆಗೆಯಬೇಕು. ಅಕ್ಕನ ಮಕ್ಕಳು ಬಂದಾಗ ಅದರಲ್ಲಿ ಗೇಮ್ ಆಡಬೇಕು. ಒಂದೊಂದನ್ನೂ ಸೇರಿಸುವಾಗ ನನಗೆ ಖುಷಿಯಾಗುತ್ತಿತ್ತು, ಮತ್ತು ಅದು ನನ್ನ ಖುಷಿ ಮಾತ್ರವಾಗಿತ್ತು. ಅಪ್ಪಯ್ಯನಿಗೆ ಬೇಕಾದದ್ದು ಊಟವಾದ ಮೇಲೆ ಒಂದು ಪ್ರಸಂಗ. ಆಯಿಗೆ, ಅಂದರೆ ಅಮ್ಮನಿಗೆ, ಬೇಕಾದದ್ದು ಮೊಮ್ಮಕ್ಕಳ ಫೋಟೋ.

ಅವರ ಪಾಲಿಗೆ ಬಂದದ್ದು ಟಚ್‌ಪ್ಯಾಡ್ ಇರುವ ಒಂದು ವೈರ್‌ಲೆಸ್ ಕೀಬೋರ್ಡು, ಟೀವಿಯ ಪಕ್ಕದ ಗೋಡೆಗೆ ನಾನು ಅಂಟಿಸಿದ ಒಂದು ಹಾಳೆ. ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ಮೊದಲು ಇನ್ವರ್ಟರ್ ದೀಪ ಹಸಿರಿದೆಯೇ ನೋಡಿ, ಟೀವಿ ಹಾಕಿ, ಇನ್‌ಪುಟ್ ಗುಂಡಿ ಒತ್ತಿ ಎಚ್‌ಡಿಎಂಐ ಎರಡಕ್ಕೆ ಬನ್ನಿ, ಕೀಬೋರ್ಡಿನ ಅಡಿಯ ಸ್ವಿಚ್ ಹಾಕಿ, ಪರದೆಯಲ್ಲಿ ನೀಲಿ ಚೌಕ ಕಂಡರೆ ಎರಡು ಸಲ ತಟ್ಟಿ, ಬೇರೆ ಏನಾದರೂ ಕಂಡರೆ ನನಗೆ ಫೋನ್ ಮಾಡಿ. ಕಡೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದೆ. ಫೋನು ಬರತೊಡಗಿತು. ನಾನು ಆಫೀಸಿನ ಮೀಟಿಂಗಿನಲ್ಲಿರುವಾಗ ಆಯಿ, “ತಮಾ, ಎಂತೋ ಇಂಗ್ಲಿಷಲ್ಲಿ ಕೇಳ್ತಾ ಇದ್ದು. ಹೌದು ಹೇಳವಾ, ಬ್ಯಾಡ ಹೇಳವಾ?” ಎಂದು ಕೇಳುತ್ತಿದ್ದರು. ಅದು ಅಪ್‌ಡೇಟ್ ಸೂಚನೆ. ಹೌದು ಎಂದರೆ ಆ ಸಂಜೆ ಮುಗಿಯಿತು, ಹಳ್ಳಿಯ ಇಂಟರ್ನೆಟ್ಟಿನಲ್ಲಿ ಅದು ಇಳಿದು ಮುಗಿಯುವ ಹೊತ್ತಿಗೆ ಅಪ್ಪಯ್ಯ ಮಲಗಿರುತ್ತಿದ್ದರು. ಬೇಡ ಎಂದರೆ ಮರುದಿನ ಇನ್ನೊಂದು ಸಲ ಕೇಳುತ್ತಿತ್ತು.

ಇವೆಲ್ಲ ಕಿರಿಕಿರಿ. ನಾನು ತಲೆತಗ್ಗಿಸಬೇಕಾದ ಮೊದಲ ಮಾತನ್ನು ಅಪ್ಪಯ್ಯ ಆಡಿದ್ದು ಚಿಟ್ಟಾಣಿಯವರ ಭಸ್ಮಾಸುರ ನೋಡುತ್ತಿದ್ದಾಗ. ನಾನೂ ಪಕ್ಕದಲ್ಲಿ ಕೂತಿದ್ದೆ. ಸ್ವಲ್ಪ ಹೊತ್ತು ನೋಡಿ, ಮುಂದಕ್ಕೆ ಬಾಗಿ, ಮತ್ತೆ ನೋಡಿ, “ಹೆಜ್ಜೆ ತಾಳಕ್ಕೆ ಬೀಳ್ತಿಲ್ಯಲಾ” ಎಂದರು. ಚಿಟ್ಟಾಣಿಯವರ ಹೆಜ್ಜೆ ತಾಳ ತಪ್ಪುವುದೆಂದರೇನು! ಹಳೇ ಟೇಪು, ಹಾಗೇ ಇರುತ್ತದೆ ಎಂದುಬಿಟ್ಟೆ. ಅವರು ಮರುಮಾತಾಡಲಿಲ್ಲ. ಆಮೇಲೆ ಆಟದ ವಿಡಿಯೋಗಳನ್ನು ಹಾಕುವುದನ್ನೇ ಬಿಟ್ಟರು, ಬರೀ ತಾಳಮದ್ದಲೆ ಕೇಳತೊಡಗಿದರು. ಅದಕ್ಕೆ ಕಾರಣ ಇದೇ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಅವರ ಕಣ್ಣೂ ಕಿವಿಯೂ ಸರಿಯಾಗಿಯೇ ಇದ್ದವು. ಇವತ್ತಿನ ಟೀವಿಗಳು ಒಳಗೆ ಬಂದ ಚಿತ್ರವನ್ನು ಹಾಗೆಯೇ ತೋರಿಸುವುದಿಲ್ಲ. ಬಣ್ಣ ತಿದ್ದಿ, ಅಂಚು ಚೂಪು ಮಾಡಿ, ಚಲನೆ ನಯಗೊಳಿಸಿ ಆಮೇಲೆ ತೋರಿಸುತ್ತವೆ, ಅದಕ್ಕೆ ಸಮಯ ಹಿಡಿಯುತ್ತದೆ. ನಾನು ಧ್ವನಿಯನ್ನು ಕಂಪ್ಯೂಟರಿನ ಹಿಂಭಾಗದಿಂದ ನೇರವಾಗಿ ಸ್ಪೀಕರಿಗೆ ಎಳೆದಿದ್ದೆ. ಚಂಡೆಯ ಪೆಟ್ಟು ಕೂಡಲೇ ಕೇಳುತ್ತಿತ್ತು, ಕಾಲು ನೆಲಕ್ಕೆ ತಾಗುವುದು ಆಮೇಲೆ ಕಾಣುತ್ತಿತ್ತು. ವೈರಿನ ಗೋಜು ಬೇಡವೆಂದು ನಡುವೆ ಬ್ಲೂಟೂತ್ ಸ್ಪೀಕರ್ ತಂದಾಗ ಇದು ತಿರುಗುಮುರುಗಾಯಿತು. ಬ್ಲೂಟೂತಿನಲ್ಲಿ ಧ್ವನಿ ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಹಿಂದೆ ಬೀಳುವುದು ಮಾಮೂಲು. ಸಿನಿಮಾದ ಮಾತಿನಲ್ಲಿ ಅಷ್ಟು ವ್ಯತ್ಯಾಸವನ್ನು ಹಲವರು ಗಮನಿಸುವುದಿಲ್ಲ. ಸೆಕೆಂಡಿಗೆ ಐದು ಪೆಟ್ಟು ಬೀಳುವ ಕುಣಿತದಲ್ಲಿ ಅದು ಪೂರಾ ಒಂದು ಪೆಟ್ಟು. ಜೀವಮಾನವಿಡೀ ತಾಳ ಕೇಳಿದವರಿಗೆ ಅಲ್ಲಿ ಕೂರಲು ಆಗುವುದಿಲ್ಲ.

ಚಿತ್ರದ್ದು ಬೇರೆಯೇ ಕಥೆ. ನಮ್ಮ ದೇಶದ ವಿಎಚ್‌ಎಸ್ ಟೇಪಿನಲ್ಲಿ ಸೆಕೆಂಡಿಗೆ 25 ಚಿತ್ರ. ಒಂದೊಂದು ಚಿತ್ರವೂ ಎರಡು ಅರ್ಧಗಳಾಗಿ, ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ದಾಖಲಾಗಿರುತ್ತದೆ. ಅಂದರೆ ಚಲನೆಯ 50 ಹೊತ್ತುಗಳು ಅದರಲ್ಲಿವೆ. ಹಳೆಯ ದಪ್ಪ ಟೀವಿ ಅದನ್ನು ಹಾಗೆಯೇ ತೋರಿಸುತ್ತಿತ್ತು. ಹೊಸ ಟೀವಿಯಲ್ಲಿ ಎರಡು ಅರ್ಧಗಳನ್ನು ಒಟ್ಟಿಗೆ ತೋರಿಸಿದರೆ ವೇಷಧಾರಿ ಸುತ್ತು ತಿರುಗುವಾಗ ಕೇದಗೆ ಮುಂದಲೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. ಸಾಲದ್ದಕ್ಕೆ ನನ್ನ ಕಂಪ್ಯೂಟರು ಟೀವಿಗೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸುತ್ತಿತ್ತು. 25 ಚಿತ್ರವನ್ನು 60 ಜಾಗಕ್ಕೆ ಹಂಚಿದರೆ ಕೆಲವು ಎರಡು ಸಲ, ಕೆಲವು ಮೂರು ಸಲ ನಿಲ್ಲುತ್ತವೆ, ಕುಣಿತ ಎಡವಿದಂತೆ ಕಾಣುತ್ತದೆ. ಇದನ್ನು ಸರಿಮಾಡಲು ಹೋಗಿ ನಾನು ಇನ್ನೂ ಕೆಟ್ಟ ಕೆಲಸ ಮಾಡಿದೆ. ಟೇಪಿನಿಂದ ಮೊದಲು ತೆಗೆದ ಡಿವಿ ಫೈಲುಗಳು ಗಂಟೆಗೆ ಸುಮಾರು 13 ಜಿಬಿ. ಜಾಗ ಉಳಿಸಲು ಎಲ್ಲವನ್ನೂ ಸಣ್ಣದಾಗಿ ಪರಿವರ್ತಿಸಿದೆ. ಪರಿವರ್ತಿಸುವಾಗ ಎರಡು ಅರ್ಧಗಳನ್ನು ಕಲಸಿ ಒಂದು ಮಾಡಿದೆ. ಅರ್ಧಕ್ಕರ್ಧ ಚಲನೆ ಅಲ್ಲೇ ಹೋಯಿತು. ಸಣ್ಣ ಪ್ರತಿಗಳನ್ನು ತಂಗಿಗೆ ಕೊಟ್ಟೆ. ಮೂಲ ಹೇಗೂ ಊರಿನ ಡಿಸ್ಕಿನಲ್ಲಿದೆಯಲ್ಲ ಎಂಬ ಧೈರ್ಯದಲ್ಲಿ ಇದ್ದೆ.

ಈಗ ಆ ಡಿಸ್ಕಿನ ಮಾತು.

ಮಲೆನಾಡಿನ ಮನೆಗಳಲ್ಲಿ ಒಂದು ಅಭ್ಯಾಸವಿದೆ. ಏಪ್ರಿಲ್ ಮೇ ಸಂಜೆಗಳಲ್ಲಿ ದೂರದ ಗುಡ್ಡದ ಆಚೆ ಗುಡುಗಿದ್ದೇ ತಡ, ಯಾರಾದರೂ ಎದ್ದು ಹೋಗಿ ಟೀವಿ, ಫ್ರಿಜ್ಜು, ಫೋನಿನ ವೈರು ಎಲ್ಲದರ ಪ್ಲಗ್ ಕಿತ್ತು ಗೋಡೆಯಿಂದ ದೂರ ಎಳೆದು ಬಿಡುತ್ತಾರೆ. ನಮ್ಮ ಮನೆಯಲ್ಲಿ ಆಯಿ ಅದನ್ನು ಮಾಡುತ್ತಿದ್ದರು. ಸಿಡಿಲು ಬಡಿದ ತೆಂಗಿನಮರಗಳನ್ನು ಕಣ್ಣಾರೆ ಕಂಡವರ ವಿವೇಕ ಅದು. ನಾನು ಅದನ್ನು ನಿಲ್ಲಿಸಿದೆ. ಕಂಪ್ಯೂಟರನ್ನು ಹಾಗೆ ಏಕಾಏಕಿ ಆರಿಸಬಾರದು, ಫೈಲು ಕೆಡುತ್ತವೆ, ಕ್ಯಾಮೆರಾ ರೆಕಾರ್ಡಿಂಗ್ ನಿಲ್ಲುತ್ತದೆ, ಸರ್ಜ್ ಪ್ರೊಟೆಕ್ಟರ್ ಹಾಕಿಸಿದ್ದೇನೆ, ಇನ್ವರ್ಟರ್ ಇದೆ, ಹೆದರಬೇಡಿ ಎಂದೆ. “ಗುಡುಗ್ತಾ ಇದ್ದು, ಪ್ಲಗ್ ಕೀಳಲಕ್ಕಾ?” ಎಂದು ಆಯಿ ಫೋನಿನಲ್ಲಿ ಕೇಳಿದಾಗಲೆಲ್ಲ ಬೇಡ ಎಂದೇ ಹೇಳಿದ್ದೇನೆ. ನಾನು ಎಂಜಿನಿಯರು, ನನಗೆ ಗೊತ್ತಿರುತ್ತದೆ ಎಂದು ಅವರು ನಂಬಿದರು.

ಸರ್ಜ್ ಪ್ರೊಟೆಕ್ಟರ್ ಮಾಡುವುದು ಹೆಚ್ಚಿನ ವೋಲ್ಟೇಜನ್ನು ಭೂಮಿಗೆ ದಾಟಿಸುವ ಕೆಲಸ. ಭೂಮಿಗೆ ದಾರಿ ಸರಿಯಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ನಮ್ಮ ಮನೆಯ ಅರ್ಥಿಂಗ್ ಗುಂಡಿ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಹಳೆಯ ಗುಂಡಿ. ಬೇಸಿಗೆಯಲ್ಲಿ ಅದಕ್ಕೆ ನೀರು ಹನಿಸುತ್ತಿರಬೇಕು, ಮಣ್ಣು ಒಣಗಿದರೆ ಕರೆಂಟು ಇಳಿಯುವುದಿಲ್ಲ. ಅದನ್ನು ನಾನು ತಿರುಗಿಯೂ ನೋಡಿರಲಿಲ್ಲ. ಮಾಡಿನ ಮೇಲಿನ ಡಿಶ್ಶಿನಿಂದ ಒಳಗೆ ಬಂದ ಕೇಬಲ್ಲಿಗೆ ಯಾವ ರಕ್ಷಣೆಯೂ ಇರಲಿಲ್ಲ. ಡಿಶ್ಶಿನಿಂದ ಸೆಟ್‌ಟಾಪ್ ಪೆಟ್ಟಿಗೆ, ಅಲ್ಲಿಂದ ಟೀವಿ, ಟೀವಿಯಿಂದ ಎಚ್‌ಡಿಎಂಐ ತಂತಿಯಲ್ಲಿ ಕಂಪ್ಯೂಟರು. ಸಿಡಿಲಿಗೆ ನಾನೇ ದಾರಿ ಹಾಸಿಕೊಟ್ಟಂತಾಗಿತ್ತು.

ಏಪ್ರಿಲ್ ಕೊನೆಯ ಒಂದು ಸಂಜೆ ತೋಟದ ಅಂಚಿಗೆ ಸಿಡಿಲು ಬಿತ್ತು. ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ, ಅದು ದೊಡ್ಡ ಪುಣ್ಯ. ಟೀವಿಯ ಎಚ್‌ಡಿಎಂಐ ಭಾಗ, ಸೆಟ್‌ಟಾಪ್ ಪೆಟ್ಟಿಗೆ, ಕಂಪ್ಯೂಟರಿನ ಮದರ್‌ಬೋರ್ಡು, ಎರಡೂ ಹಾರ್ಡ್‌ಡಿಸ್ಕುಗಳು ಹೋದವು. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಇರಲಿ ಎಂದು ಪಡಿಯಚ್ಚು ಮಾಡಿದ್ದೆ. ಎರಡೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಪವರ್ ಸಪ್ಲೈಗೆ ಅಂಟಿಕೊಂಡಿದ್ದವು. ಡಿಸ್ಕ್ ತನ್ನಷ್ಟಕ್ಕೆ ಸವೆದು ಕೆಟ್ಟಾಗ ಈ ಏರ್ಪಾಡು ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಸಿಡಿಲಿಗೆ, ಕಳ್ಳನಿಗೆ, ಕೈತಪ್ಪಿ ಅಳಿಸಿದ ಫೈಲಿಗೆ ಅದು ಉತ್ತರವಲ್ಲ. ಆಫೀಸಿನಲ್ಲಿ ಇತರರಿಗೆ ನಾನೇ ಹೇಳಿಕೊಟ್ಟ ಪಾಠ ಇದು.

ಡೇಟಾ ಹೊರತೆಗೆದು ಕೊಡುವ ಕಡೆ ಡಿಸ್ಕುಗಳನ್ನು ಒಯ್ದೆ. ಆಗುವುದಿಲ್ಲ ಎಂದರು. ಹಾಗಿದ್ದರೆ ಮೂಲ ಕ್ಯಾಸೆಟ್ಟುಗಳಿವೆಯಲ್ಲ ಎಂದು ಅಟ್ಟ ಹತ್ತಿದೆ. ಡಿಜಿಟಲ್ ಆಯಿತು, ಇನ್ನು ಇವು ಯಾಕೆ ಜಗಲಿಯಲ್ಲಿ ಎಂದು ಟ್ರಂಕನ್ನು ಅಟ್ಟಕ್ಕೆ ಏರಿಸಿದವನೂ ನಾನೇ. ಅದುವರೆಗೆ ಅಪ್ಪಯ್ಯ ಮಳೆಗಾಲ ಕಳೆದ ಮೇಲೆ ಅವನ್ನು ತೆಗೆದು ಗಾಳಿಗೆ ಇಟ್ಟು, ಒಂದೊಂದನ್ನೂ ಒಮ್ಮೆ ಪೂರ್ತಿ ಓಡಿಸಿ ತಿರುಗಿ ಸುತ್ತಿಡುತ್ತಿದ್ದರು. ಅಟ್ಟಕ್ಕೆ ಹೋದ ಮೇಲೆ ಆ ಕೆಲಸ ನಿಂತಿತ್ತು. ಮುಚ್ಚಳ ತೆರೆದಾಗ ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಟೇಪಿನ ಸುರುಳಿಗಳ ಮೇಲೆ ಬಿಳಿ ಪುಡಿ ಕೂತಿತ್ತು. ಭೀಷ್ಮನ ಕ್ಯಾಸೆಟ್ಟನ್ನು ಆದಷ್ಟು ಒರೆಸಿ ಹಾಕಿದೆ. ಭಾಗವತರ ಪದದ ಒಂದೆರಡು ಸಾಲು ಬಂತು, ಅಪ್ಪಯ್ಯ ಗಂಟಲು ಸರಿಮಾಡಿಕೊಂಡು ಮಾತಿಗೆ ತೊಡಗಿದ್ದು ಕೇಳಿತು, ಅಷ್ಟರಲ್ಲಿ ಟೇಪು ಹೆಡ್ಡಿಗೆ ಅಂಟಿ ಕೀರಲಿಟ್ಟು ತುಂಡಾಯಿತು. ಒಳಗಿನ ಸುರುಳಿ ಒಂದಕ್ಕೊಂದು ಅಂಟಿತ್ತು. ಬಿಡಿಸಲು ಹೋದಲ್ಲೆಲ್ಲ ಕಂದು ಪುಡಿ ಉದುರಿತು.

ನಾವಡರ ಪದಗಳು ಬೇರೆ ಎಲ್ಲಾದರೂ ಸಿಗುತ್ತವೆ, ಸಾವಿರಾರು ಮನೆಗಳಲ್ಲಿವೆ. ಅಪ್ಪಯ್ಯನ ಭೀಷ್ಮ ಇದ್ದದ್ದು ಇದೊಂದೇ ಪ್ರತಿ. ಅಪ್ಪಯ್ಯನಿಗೆ ಹೇಗೆ ಹೇಳುವುದೆಂದು ತಿಳಿಯದೆ ಎರಡು ಹೊತ್ತು ಸುಮ್ಮನಿದ್ದೆ. ಹೇಳಿದಾಗ ಅವರು, “ಹೋದ್ದು ಹೋತು. ಉಳದ್ದು ಸಮಾ ಇಟ್ಕ” ಎಂದರು. ಉಳಿದದ್ದೆಂದರೆ ಬೂಷ್ಟು ಹಿಡಿಯದ ಕೆಲವು ಟೇಪುಗಳು, ಮತ್ತೆ ತಂಗಿಯ ಮನೆಯಲ್ಲಿದ್ದ ಒಂದು ಸಣ್ಣ ಡಿಸ್ಕು. ಗಂಡನ ಮನೆಯವರಿಗೆ ತೋರಿಸಲೆಂದು ಅವಳು ಒಯ್ದಿದ್ದ, ನಾನು ಚಲನೆ ಕೆಡಿಸಿ ಕೊಟ್ಟಿದ್ದ ಆ ಸಣ್ಣ ಪ್ರತಿಗಳು. ಚಿಟ್ಟಾಣಿಯವರ ಭಸ್ಮಾಸುರ ಇಂದು ನಮ್ಮಲ್ಲಿರುವುದು ಆ ರೂಪದಲ್ಲೇ. 2017ರಲ್ಲಿ ಅವರು ತೀರಿಕೊಂಡರು. ಅವರ ಒಂದು ಸುತ್ತಿನಲ್ಲಿ ಇದ್ದ ಅರ್ಧ ಚಲನೆಯನ್ನು ಜಾಗ ಉಳಿಸಲೆಂದು ನಾನು ಎಸೆದಿದ್ದೇನೆ ಎಂಬುದು ಈಗಲೂ ನನ್ನನ್ನು ಬಾಧಿಸುತ್ತದೆ.

ಹೊಸದನ್ನು ಕಟ್ಟಲು ನಾನು ಅವಸರ ಮಾಡಲಿಲ್ಲ. ಮೊದಲು ಮನೆಯಲ್ಲಿ ಕೂತು ನೋಡಿದೆ. ಗುಡುಗಿದಾಗ ಆಯಿ ಪ್ಲಗ್ ಕೀಳುತ್ತಾರೆ. ಹಾಗಾದರೆ ಯಾವ ಗಳಿಗೆಯಲ್ಲಿ ಪ್ಲಗ್ ಕಿತ್ತರೂ ಕೆಡದ ಯಂತ್ರ ಬೇಕು. ಅಪ್ಪಯ್ಯನ ಕೈಯಲ್ಲಿ ಟೀವಿಯ ರಿಮೋಟ್ ಇರುತ್ತದೆ, ಎರಡನೆಯದು ಇರಕೂಡದು. ಟೀವಿ ಹಾಕಿದರೆ ಆಟ ಸಿಗಬೇಕು. ಇಷ್ಟಕ್ಕೆ ಬೇಡದ್ದು ಯಾವುದೂ ಅದರೊಳಗೆ ಹೋಗಬಾರದು.

ಆರಿಸಿಕೊಂಡದ್ದು ರಾಸ್ಪ್‌ಬೆರಿ ಪೈ 4. ಎಟಿಎಂ ಕಾರ್ಡಿನಗಲದ ಬೋರ್ಡು, 2019ರಲ್ಲಿ ಬಂದದ್ದು. ಅದರ ಮೇಲೆ ಲಿಬ್ರೆಎಲೆಕ್. ಕೋಡಿ ಓಡಲು ಎಷ್ಟು ಬೇಕೋ ಅಷ್ಟೇ ಇರುವ ಕಾರ್ಯವ್ಯವಸ್ಥೆ ಇದು. 2016ರಲ್ಲಿ ಓಪನ್‌ಎಲೆಕ್ ಎಂಬ ಯೋಜನೆಯಿಂದ ಕವಲೊಡೆದು ಬಂತು. ಇದರಲ್ಲಿ ವ್ಯವಸ್ಥೆಯ ಭಾಗ ಓದಲಷ್ಟೇ ಆಗುವ ಒಂದು ಮುಚ್ಚಿದ ಕಡತ, ಓಡುತ್ತಿರುವಾಗ ಅದರ ಮೇಲೆ ಏನನ್ನೂ ಬರೆಯುವುದಿಲ್ಲ. ಸೆಟ್ಟಿಂಗ್, ಪಟ್ಟಿ ಮುಂತಾದವು ಬೇರೆ ಭಾಗದಲ್ಲಿ ಇರುತ್ತವೆ. ನಡುವೆ ಕರೆಂಟು ಹೋದರೂ ವ್ಯವಸ್ಥೆ ಕೆಡುವ ಸಂಭವ ಬಹಳ ಕಡಿಮೆ. ಕೆಟ್ಟರೆ ಕೆಡಬಹುದಾದದ್ದು ಪಟ್ಟಿ ಮಾತ್ರ, ಅದಕ್ಕೆ ಪರಿಹಾರ ಮೆಮೊರಿ ಕಾರ್ಡಿನ ಇನ್ನೊಂದು ಪ್ರತಿ. ವಿಡಿಯೋಗಳಿರುವುದು ಯುಎಸ್‌ಬಿಯಲ್ಲಿ ಸಿಕ್ಕಿಸಿದ ಎಸ್‌ಎಸ್‌ಡಿಯಲ್ಲಿ. ಅದಕ್ಕೆ ಹೊಸದನ್ನು ಸೇರಿಸುವ ಕೆಲಸ ನಾನು ಊರಿಗೆ ಹೋದಾಗ ಮಾತ್ರ.

ಇಲ್ಲಿ ಎರಡು ಸಣ್ಣ ಸಂಗತಿ ಹೇಳಬೇಕು, ಯಾಕೆಂದರೆ ಪೈ ಕೈಕೊಟ್ಟಿತು ಎನ್ನುವವರು ಹೆಚ್ಚಾಗಿ ಇಲ್ಲೇ ಎಡವಿರುತ್ತಾರೆ. ಮನೆಯಲ್ಲಿ ಬಿದ್ದಿರುವ ಮೊಬೈಲ್ ಚಾರ್ಜರ್ ಅದಕ್ಕೆ ಸಾಲದು. ಪೈ 4ಕ್ಕೆಂದೇ ಮಾಡಿದ 5.1 ವೋಲ್ಟ್, 3 ಆಂಪಿಯರಿನ ಅಡಾಪ್ಟರ್ ಬೇಕು. ವೋಲ್ಟೇಜ್ ಕುಸಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡುತ್ತದೆ, ಅದನ್ನು ಕಂಡೂ ಸುಮ್ಮನಿರಬಾರದು. ಎರಡನೆಯದು, ಅದರ ನಾಲ್ಕೂ ಯುಎಸ್‌ಬಿ ಕಿಂಡಿಗಳು ಸೇರಿ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ತಿರುಗುವ ಹಾರ್ಡ್‌ಡಿಸ್ಕ್ ಶುರುವಾಗುವಾಗ ಎಳೆಯುವ ಕರೆಂಟಿಗೆ ಅದು ತಿಣುಕಬಹುದು. ಎಸ್‌ಎಸ್‌ಡಿ ಹಾಕಿದ್ದಕ್ಕೆ ವೇಗ ಕಾರಣವಲ್ಲ, ಇದು ಕಾರಣ. ಇನ್ನು ಇನ್ವರ್ಟರಿನ ಹಿಂದೆ ಯುಪಿಎಸ್ ಎಂದು ಬರೆದ ಒಂದು ಸ್ವಿಚ್ ಹಲವು ಮಾದರಿಗಳಲ್ಲಿರುತ್ತದೆ. ಅದನ್ನು ಆ ಕಡೆಗೆ ಇಟ್ಟರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವುದು ಬೇಗ, ಯಂತ್ರ ಆರಿ ಹತ್ತುವುದಿಲ್ಲ. ನಮ್ಮದು ಇಷ್ಟು ವರ್ಷ ಇನ್ನೊಂದು ಕಡೆಗಿತ್ತು.

ರಿಮೋಟಿನ ಸಮಸ್ಯೆಗೆ ಉತ್ತರ ಎಚ್‌ಡಿಎಂಐ ತಂತಿಯೊಳಗೇ ಇತ್ತು. ಆ ತಂತಿಯ 13ನೇ ಪಿನ್ ಇರುವುದು ಉಪಕರಣಗಳು ಒಂದಕ್ಕೊಂದು ಆದೇಶ ಕೊಡಲೆಂದೇ. ಸಿಇಸಿ ಎನ್ನುತ್ತಾರೆ. ಟೀವಿ ರಿಮೋಟಿನ ಬಾಣದ ಗುಂಡಿ ಒತ್ತಿದರೆ ಟೀವಿ ಅದನ್ನು ತಂತಿಯಲ್ಲಿ ಪೆಟ್ಟಿಗೆಗೆ ದಾಟಿಸುತ್ತದೆ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎಂದೂ ಸೋನಿ ಬ್ರಾವಿಯಾ ಸಿಂಕ್ ಎಂದೂ ಎಲ್‌ಜಿ ಸಿಂಪ್‌ಲಿಂಕ್ ಎಂದೂ ಕರೆಯುತ್ತವೆ. ಎಷ್ಟೋ ಟೀವಿಗಳಲ್ಲಿ ಇದು ಆರಿಸಿಯೇ ಇರುತ್ತದೆ, ಸೆಟ್ಟಿಂಗಿಗೆ ಹೋಗಿ ಹಾಕಬೇಕು. ನನ್ನ ದುಬಾರಿ ಗ್ರಾಫಿಕ್ಸ್ ಕಾರ್ಡಿನಲ್ಲಿ ಈ ಸೌಕರ್ಯ ಇರಲಿಲ್ಲ, ಕಂಪ್ಯೂಟರಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪೈಯಲ್ಲಿ ಇದೆ. ಗೋಡೆಯ ಹಾಳೆಯನ್ನು ಕಿತ್ತು ಹಾಕಿದೆ.

ಕೋಡಿಯ ಮೆನುವಿನಲ್ಲಿ ಹವಾಮಾನ, ಸಂಗೀತ, ಗೇಮ್, ಆ್ಯಡ್‌ಆನ್ ಎಂದು ಉದ್ದ ಪಟ್ಟಿ ಬರುತ್ತದೆ. ಬೇಡದ್ದನ್ನು ಮರೆಮಾಡಲು ಅದರಲ್ಲೇ ಅವಕಾಶವಿದೆ. ನಮ್ಮಲ್ಲಿ ಉಳಿದದ್ದು ವಿಡಿಯೋ, ಫೋಟೋ ಎರಡೇ. ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಾಗ ಒತ್ತಕ್ಷರಗಳು ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತವು. ಅಪ್ಪಯ್ಯ ಮೇಷ್ಟ್ರು, ಅಂಥ ಕನ್ನಡವನ್ನು ಅವರ ಮುಂದೆ ಇಡಲು ನನಗೆ ಮನಸ್ಸಾಗಲಿಲ್ಲ. ಫಾಂಟುಗಳ ಜತೆ ಹೆಣಗುವುದನ್ನು ಬಿಟ್ಟು ಪ್ರತಿ ಫೋಲ್ಡರಿಗೂ ಒಂದು ಚಿತ್ರ ಮಾಡಿದೆ. ವೇಷದ ಫೋಟೋ, ಅದರ ಕೆಳಗೆ ಪ್ರಸಂಗದ ಹೆಸರು ದೊಡ್ಡ ಅಕ್ಷರದಲ್ಲಿ. ಚಿತ್ರವಾದ್ದರಿಂದ ಅಕ್ಷರ ಒಡೆಯುವ ಪ್ರಶ್ನೆಯೇ ಇಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ಸಣ್ಣ ಅಕ್ಷರ ಓದಲು ಕಷ್ಟಪಡುವ ಅವರು ಇದನ್ನು ಕುರ್ಚಿಯಿಂದಲೇ ಓದುತ್ತಾರೆ.

ಹೆಜ್ಜೆ ಮತ್ತು ತಾಳವನ್ನು ಕೂಡಿಸುವುದಕ್ಕೆ ಅಪ್ಪಯ್ಯನನ್ನೇ ಕೂರಿಸಿಕೊಂಡೆ. ಬ್ಲೂಟೂತ್ ಬಿಟ್ಟೆವು. ಧ್ವನಿಯೂ ಚಿತ್ರವೂ ಎಚ್‌ಡಿಎಂಐ ತಂತಿಯಲ್ಲೇ ಟೀವಿಗೆ ಹೋಗಿ ಅಲ್ಲಿಂದ ಸ್ಪೀಕರಿಗೆ ಬರುವಂತೆ ಮಾಡಿದೆ, ತಾನು ಚಿತ್ರಕ್ಕೆ ಹಿಡಿಸಿಕೊಳ್ಳುವ ಸಮಯವನ್ನು ಟೀವಿ ಧ್ವನಿಗೂ ಲೆಕ್ಕ ಹಾಕುತ್ತದೆ. ಟೀವಿಯನ್ನು ಗೇಮ್ ಮೋಡಿಗೆ ಹಾಕಿದಾಗ ತಿದ್ದುಪಡಿಗಳೆಲ್ಲ ನಿಂತವು. ಕೋಡಿಯಲ್ಲಿ ವಿಡಿಯೋಗೆ ತಕ್ಕಂತೆ ಟೀವಿಯ ವೇಗ ಬದಲಿಸುವ ಸೆಟ್ಟಿಂಗ್ ಹಾಕಿದೆ. 25 ಚಿತ್ರದ ವಿಡಿಯೋ ಬಂದರೆ ಟೀವಿ 50ಕ್ಕೆ ಇಳಿಯುತ್ತದೆ, ಒಂದೊಂದು ಚಿತ್ರಕ್ಕೂ ಸರಿಸಮ ಎರಡು ಪಾಲು. ಉಳಿದ ಕೊಂಚ ವ್ಯತ್ಯಾಸಕ್ಕೆ ಧ್ವನಿಯನ್ನು ಮಿಲಿಸೆಕೆಂಡುಗಳಲ್ಲಿ ಹಿಂದೆ ಮುಂದೆ ಸರಿಸುವ ಗುಂಡಿಯಿದೆ. ನಾನು ಸರಿಸುತ್ತಾ ಹೋದೆ. ಅಪ್ಪಯ್ಯ ಬೆರಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಹಾಂ ಎಂದರು. ಅಲ್ಲಿಗೆ ನಿಲ್ಲಿಸಿ ಅದನ್ನೇ ಎಲ್ಲ ವಿಡಿಯೋಗಳಿಗೂ ಕಾಯಂ ಮಾಡಿದೆ. ಈ ಕೆಲಸವನ್ನು ಮೊದಲ ದಿನವೇ ಮಾಡಬಹುದಿತ್ತು.

ಬೇರೆ ಕೆಲಸಗಳೆಲ್ಲ ಬೇರೆ ಕಡೆ ಹೋದವು. ಅಂಗಳದ ಕ್ಯಾಮೆರಾಕ್ಕೆ ಅದರದೇ ರೆಕಾರ್ಡರ್ ಪೆಟ್ಟಿಗೆ, ಅದು ಮನೆಯ ಇನ್ನೊಂದು ಮೂಲೆಯಲ್ಲಿದೆ. ಹೊಸ ಸಿನಿಮಾ, ಧಾರಾವಾಹಿಗಳಿಗೆ ಟೀವಿಯೊಳಗಿನ ಆ್ಯಪುಗಳೇ ಸಾಕು. ಒಟಿಟಿ ಕಂಪನಿಗಳು ತಮ್ಮ ಬೀಗ ಒಪ್ಪುವ ಉಪಕರಣಕ್ಕೆ ಮಾತ್ರ ಒಳ್ಳೆಯ ಗುಣಮಟ್ಟದ ಚಿತ್ರ ಕಳಿಸುತ್ತವೆ, ಪೈಯಂಥದಕ್ಕೆ ಮಸುಕು ಚಿತ್ರವೇ ಗತಿ. ಎಲ್ಲವೂ ಒಂದರಲ್ಲೇ ಸಿಗಬೇಕೆಂಬ ಹಟ ಬಿಟ್ಟ ಮೇಲೆ ಇದು ನನಗೆ ಕೊರತೆ ಎನಿಸಲಿಲ್ಲ. ಹಳೆಯ ಯಂತ್ರ ನೂರು ವಾಟಿನ ಹತ್ತಿರ ತಿನ್ನುತ್ತಿತ್ತು, ಇದಕ್ಕೆ ಐದಾರು ವಾಟ್ ಸಾಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದಾಗ ಇನ್ವರ್ಟರಿಗೆ ಇದರ ಭಾರವೇ ತಿಳಿಯುವುದಿಲ್ಲ. ಫ್ಯಾನಿನ ಸದ್ದೂ ಇಲ್ಲ.

ಪ್ರತಿಗಳ ವಿಚಾರದಲ್ಲಿ ಈಗ ನಾನು ಕಟ್ಟುನಿಟ್ಟು. ಒಂದು ಊರಲ್ಲಿ, ಒಂದು ಬೆಂಗಳೂರಿನ ನನ್ನ ಮನೆಯಲ್ಲಿ, ಒಂದು ಸಿದ್ದಾಪುರ ಪೇಟೆಯ ತಂಗಿಯ ಮನೆಯಲ್ಲಿ. ಊರಿನದನ್ನು ಬಿಟ್ಟು ಉಳಿದೆರಡು ಯಾವ ತಂತಿಗೂ ಸಿಕ್ಕಿಸಿಲ್ಲ. ವರ್ಷಕ್ಕೊಮ್ಮೆ ಅವನ್ನು ತೆಗೆದು ಕೆಲವು ಫೈಲುಗಳನ್ನು ನಡುವಿನಿಂದ ಓಡಿಸಿ ನೋಡುತ್ತೇನೆ, ಇದೆ ಎಂದುಕೊಂಡ ಪ್ರತಿ ನಿಜಕ್ಕೂ ಇದೆಯೇ ಎಂದು. ಅಟ್ಟದಲ್ಲಿ ಬೂಷ್ಟು ಹಿಡಿಯದೆ ಉಳಿದಿದ್ದ ಟೇಪುಗಳನ್ನು ಮತ್ತೊಮ್ಮೆ ಡಿಜಿಟಲ್ ಮಾಡಿಸಿದೆವು. ಈ ಸಲ ಬಂದದ್ದನ್ನು ಬಂದ ಹಾಗೆಯೇ ಇಟ್ಟಿದ್ದೇನೆ, ಗಂಟೆಗೆ 13 ಜಿಬಿಯಾದರೆ 13 ಜಿಬಿ. ನೋಡಲು ಬೇಕಾದ ಸಣ್ಣ ಪ್ರತಿಗಳೇ ಬೇರೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಟ್ರಂಕು ಇದ್ದರೆ ಟೀವಿ, ಕಂಪ್ಯೂಟರಿನ ಯೋಚನೆ ಆಮೇಲೆ ಮಾಡಿ. ಮೊದಲು ಅದನ್ನು ಕೆಳಗಿಳಿಸಿ, ಒಣಗಿದ ಜಾಗದಲ್ಲಿ ಇಡಿ. ಬಿಳಿ ಪುಡಿ ಕಂಡ ಟೇಪನ್ನು ನನ್ನ ಹಾಗೆ ಆತುರದಲ್ಲಿ ಪ್ಲೇಯರಿಗೆ ಹಾಕಬೇಡಿ, ಬಲ್ಲವರ ಕೈಗೆ ಕೊಡಿ.

ಮೇಜಿನ ಡ್ರಾಯರಿನಲ್ಲಿ ಇನ್ನೊಂದು ಮೆಮೊರಿ ಕಾರ್ಡ್ ಇಟ್ಟಿದ್ದೇನೆ, ಎಲ್ಲ ಸೆಟ್ಟಿಂಗ್ ಸಮೇತ ತದ್ರೂಪ ಪ್ರತಿ. ಹೇಗೆ ಬದಲಿಸುವುದೆಂದು ತಂಗಿಗೆ ತೋರಿಸಿದ್ದೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಪರದೆ ಕಪ್ಪಾಗಿಯೇ ಉಳಿಯಿತಂತೆ. ಆಯಿ ಅವಳಿಗೆ ಫೋನ್ ಮಾಡಿದರಂತೆ. ಅವಳು ಪೇಟೆಯಿಂದ ಬಂದು ಪ್ಲಗ್ ಕಿತ್ತು, ಕಾರ್ಡ್ ಬದಲಿಸಿ, ಚಹಾ ಕುಡಿದು ಹೋಗಿದ್ದಾಳೆ. ಇದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅಡಿಕೆ ಕೊಳೆರೋಗದ ಮದ್ದಿನ ಮಾತಿನ ನಡುವೆ ಆಯಿ ಹೇಳಿದಾಗ. ಈಗ ಡ್ರಾಯರು ಖಾಲಿಯಿದೆ. ದೀಪಾವಳಿಗೆ ಹೋದಾಗ ಹೊಸ ಕಾರ್ಡೊಂದಕ್ಕೆ ಪ್ರತಿ ಮಾಡಿ ಇಟ್ಟು ಬರಬೇಕು, ಅರ್ಥಿಂಗ್ ಗುಂಡಿಯನ್ನೂ ಒಮ್ಮೆ ಅಗೆಸಿ ನೋಡಬೇಕು.